ತಟ್ಟೆಗೆ ಬಿದ್ದ ನಾಯಿಮರಿ

ಪೆಟ್ಟಿಗೆ ಬಂದ ದಿನ ನನ್ನ ತರಗತಿಯ ಮಕ್ಕಳು ಬೀವರ್ ಎಂಬ ಪ್ರಾಣಿಯ ತುಪ್ಪಳದ ಚರ್ಮಕ್ಕಾಗಿ ಕಿತ್ತಾಡಿದರು. ಅದಕ್ಕಿಂತ ಒಳ್ಳೆಯ ಚರ್ಮಗಳು ಅವರ ಮನೆಯ ಗೋಡೆಗಳಲ್ಲೇ ನೇತಾಡುತ್ತಿವೆ. ಆದರೂ ಪೆಟ್ಟಿಗೆಯೊಳಗಿಂದ ಬಂದದ್ದಕ್ಕೆ ಬೆಲೆ ಜಾಸ್ತಿ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ದೊಡ್ಡವರೂ ಹಾಗೇ.

ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಇಬ್ಬರು ಅಮೆರಿಕನ್ ಕ್ಯಾಪ್ಟನ್‌ಗಳು ಇನ್ನೂರು ವರ್ಷಗಳ ಹಿಂದೆ ದಂಡು ಕಟ್ಟಿಕೊಂಡು ಪಡುವಣ ಕಡಲನ್ನು ಹುಡುಕುತ್ತಾ ಹೊರಟರಲ್ಲ, ಆ ಯಾತ್ರೆಯನ್ನು ನಾಲ್ಕನೇ ತರಗತಿಗೆ ಕಲಿಸುವ ಪೆಟ್ಟಿಗೆ ಅದು. ಗುಡ್ಡದಾಚೆಯ ನಗರದ ಮ್ಯೂಸಿಯಂ ಒಂದು ಅದನ್ನು ತಯಾರಿಸಿತ್ತು. ಒಳಗೆ ದಿಕ್ಸೂಚಿ, ಗರಿಯ ಲೇಖನಿ, ಕ್ಯಾಪ್ಟನ್‌ಗಳು ಸಿಕ್ಕಸಿಕ್ಕ ಮುಖಂಡರ ಕೊರಳಿಗೆ ಹಾಕುತ್ತಿದ್ದ ಪದಕದ ತವರದ ನಕಲು, ದಾರಿಯುದ್ದಕ್ಕೂ ಸಿಕ್ಕ ಒಂದೊಂದು ಜನಕ್ಕೂ ಒಂದೊಂದು ಖಾನೆ. ನಮ್ಮ ಜನ, ಅಲ್ಲಿನ ಮೂಲನಿವಾಸಿ ನಿಮೀಪೂಗಳು, ಕಂಡಾಗ ಆ ದಂಡಿನವರು ಹಸಿದು ಎಲುಬಾಗಿದ್ದರು, ಪದಕಗಳು ಮಾತ್ರ ಥಳಥಳ ಹೊಳೆಯುತ್ತಿದ್ದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಇದನ್ನು ನಾನು ಮಕ್ಕಳಿಗೆ ಹೇಳಿದೆ, ಪೆಟ್ಟಿಗೆಯಲ್ಲಿ ಇರಲಿಲ್ಲ.

ಎಲ್ಲ ಶಾಲೆಗಳಿಗೂ ಕಳಿಸುವ ಮೊದಲು ನಿಮೀಪೂ ಮಕ್ಕಳ ಶಾಲೆಯಲ್ಲಿ ಒಮ್ಮೆ ಬಳಸಿ ನೋಡಿ, ತಪ್ಪಿದ್ದರೆ ತಿಳಿಸಿ ಎಂದು ಮ್ಯೂಸಿಯಂನವರು ಕೇಳಿಕೊಂಡಿದ್ದರು. ಕೇಳಿದ್ದೇ ದೊಡ್ಡದು. ನಾನು ಓದುವಾಗ ನಮ್ಮ ಬಗ್ಗೆ ಪುಸ್ತಕದಲ್ಲಿ ಎರಡೇ ಮಾತಿತ್ತು: ಸ್ನೇಹಪರರು, ಕುದುರೆ ಸಾಕುವವರು. ನಮ್ಮಮ್ಮ ಅದನ್ನು ಓದಿ, ಇದೇನು ಮದುವೆಗೆ ಹುಡುಗನ್ನ ನೋಡ್ತಿದಾರಾ ಅಂತ ಕೇಳಿದ್ದಳು.

ನಮ್ಮ ಖಾನೆಯ ಕಾರ್ಡನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದೆ. ಅದರಲ್ಲಿದ್ದದ್ದು ಇಷ್ಟು. ದಂಡಿನವರು ನಾಯಿಮಾಂಸ ತಿನ್ನುತ್ತಿದ್ದರು. ಒಂದು ದಿನ ಊಟದ ಹೊತ್ತಿಗೆ ನಿಮೀಪೂ ಅಧಿಕಪ್ರಸಂಗಿಯೊಬ್ಬ ಬಡಕಲು ನಾಯಿಮರಿಯೊಂದನ್ನು ಕ್ಯಾಪ್ಟನ್ ತಟ್ಟೆಗೆ ಬೀಳುವಂತೆ ಎಸೆದು ಗಹಗಹಿಸಿ ನಕ್ಕ. ಕ್ಯಾಪ್ಟನ್ ಸಿಟ್ಟಿಗೆದ್ದು ಅದೇ ಮರಿಯನ್ನು ಹಿಡಿದು ಅವನ ಮುಖಕ್ಕೆ ರಾಚಿದ, ಇನ್ನೊಮ್ಮೆ ಹೀಗೆ ಮಾಡಿದರೆ ಕೊಡಲಿಯಲ್ಲಿ ಕಡಿಯುತ್ತೇನೆಂದು ಸನ್ನೆ ಮಾಡಿದ. ಆ ಮನುಷ್ಯ ಮುಖ ಸಣ್ಣದು ಮಾಡಿಕೊಂಡು ಹೊರಟುಹೋದ. ಕೆಳಗೆ ಪ್ರಶ್ನೆ: ಅವನು ಹೀಗೆ ಮರ್ಯಾದೆಗೆಟ್ಟು ನಡೆದುಕೊಂಡದ್ದು ಏಕೆ? ಎರಡು ವಾಕ್ಯಗಳಲ್ಲಿ ಬರೆಯಿರಿ.

ಯಾರೂ ಬರೆಯಲಿಲ್ಲ. ಮುಂದಿನ ಬೆಂಚಿನ ಎಟ್ಟಾ ಕೈಯೆತ್ತಿದಳು. ಎಟ್ಟಾ ಕೈಯೆತ್ತಿದರೆ ನನಗೆ ಒಳಗೊಳಗೇ ಭಯ. ಒಂದು ಸಲ ನದಿ ಯಾಕೆ ಕೆಳಗೇ ಹರಿಯತ್ತೆ ಎಂದು ಶುರುಮಾಡಿ ಊಟದ ಗಂಟೆ ಹೊಡೆಯುವವರೆಗೂ ಬಿಟ್ಟಿರಲಿಲ್ಲ.

"ಟೀಚರ್, ಆ ಮರಿ ಏನಾಯ್ತು?"

"ಕಾರ್ಡಲ್ಲಿ ಇಲ್ಲ ಕಣೆ."

"ಸತ್ತಿರತ್ತೆ," ಎಂದ ಹಿಂದಿನ ಬೆಂಚಿನವನೊಬ್ಬ. "ನಿನ್ನನ್ನ ಎರಡು ಸಲ ಎಸೆದ್ರೆ ನೀನು ಸಾಯಲ್ವಾ?"

"ಕಾರ್ಡಲ್ಲಿ ಇಲ್ಲ ಅಂದ್ರೆ ಯಾರಿಗೂ ಗೊತ್ತಿಲ್ಲ ಅಂತಾನಾ?" ಎಟ್ಟಾ ನನ್ನ ಮುಖವನ್ನೇ ನೋಡುತ್ತಿದ್ದಳು.

ಯಾರಿಗೂ ಗೊತ್ತಿಲ್ಲ ಎನ್ನುವಂತಿರಲಿಲ್ಲ. ನಮ್ಮ ಮನೆತನದಲ್ಲಿ ಒಂದು ನಾಯಿಮರಿಯ ಕತೆ ಇದೆ ಎಂಬುದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಕೇಳಿದ್ದೆ, ಅರ್ಧಕ್ಕೇ ನಿದ್ದೆಹೋಗಿದ್ದೆ. ಪೂರ್ತಿ ಗೊತ್ತಿದ್ದದ್ದು ನನ್ನಮ್ಮನ ಚಿಕ್ಕಮ್ಮನಿಗೆ, ಊರೆಲ್ಲ ಟೆಬಿತಜ್ಜಿ ಎಂದು ಕರೆಯುವ ಹಣ್ಣು ಮುದುಕಿಗೆ. ಶಾಲೆ ಬಿಟ್ಟ ಮೇಲೆ ಎಟ್ಟಾಳನ್ನು ಕರೆದುಕೊಂಡು ಅವಳ ಮನೆಗೆ ಹೋದೆ. ಕಾರ್ಡನ್ನೂ ಕೈಚೀಲದಲ್ಲಿ ಹಾಕಿಕೊಂಡೆ.

ಅಜ್ಜಿ ಮೆಟ್ಟಿಲ ಮೇಲೆ ಕೂತು ಕೌಸ್ ಗೆಡ್ಡೆ ಸುಲಿಯುತ್ತಿದ್ದಳು. ಅದು ಆಗಷ್ಟೇ ಬೆಟ್ಟದಿಂದ ಅಗೆದು ತಂದ ಹೊಸ ಗೆಡ್ಡೆ. ನಾನು ಕಾರ್ಡು ಓದಿದೆ. ಅವಳ ಕೈ ನಿಂತಿತು.

"ಏನಂತ ಬರೆದಿದಾರೆ? ಇನ್ನೊಂದ್ಸಲ ಓದು."

"ಅಧಿಕಪ್ರಸಂಗಿ."

"ಅವನು ಯಾರು ಗೊತ್ತೇನೇ ಲೆನೋರ್? ನನ್ನಜ್ಜಿಯ ತಾತ."

ಅಜ್ಜಿ ಚಾಕುವನ್ನು ಗೆಡ್ಡೆಯ ಬುಟ್ಟಿಯಲ್ಲಿ ಚುಚ್ಚಿ ನಿಲ್ಲಿಸಿದಳು. "ಹೊಟ್ಟೆಗಿಲ್ದೆ ಗುಡ್ಡ ಇಳಿದು ಬಂದ್ರು, ಊಟ ಹಾಕಿದ್ವಿ. ಅಜೀರ್ಣ ಆಗಿ ಮಲಗಿದ್ರು, ನೋಡ್ಕೊಂಡ್ವಿ. ಕುದುರೆ ಬಿಟ್ಟುಹೋದ್ರು, ಚಳಿಗಾಲ ಪೂರ್ತಿ ಮೇಯಿಸಿದ್ವಿ. ಇಷ್ಟಾದ್ಮೇಲೆ ಉಂಡ ಮನೆ ಜಂತೆ ಎಣಿಸ್ತಾ ಕೂತಿದಾರೆ. ಇದನ್ನ ಯಾರೆಲ್ಲಾ ಓದ್ತಾರೆ?"

"ಎಲ್ಲಾ ಶಾಲೆಯ ನಾಲ್ಕನೇ ಕ್ಲಾಸಿನವರೂ. ಈ ವಾರ ಮ್ಯೂಸಿಯಂನವರು ಬಂದು ನಮ್ಮ ಅಭಿಪ್ರಾಯ ಕೇಳ್ಕೊಂಡು ಹೋಗ್ತಾರೆ. ಆಮೇಲೆ ಅಚ್ಚಾಗಿಹೋಗತ್ತೆ. ಮತ್ತೆ ಎಷ್ಟೋ ವರ್ಷ ಬದಲಾಯಿಸಲ್ಲ."

"ಅಷ್ಟೂ ಮಕ್ಕಳು ಅವನನ್ನ ಹಿಂಗೇ ಅಂದ್ಕೊಂಡು ಬೆಳೀತಾರೆ."

"ಅದಕ್ಕೇ ಬಂದಿದೀನಿ. ಆ ಕತೆ ಹೇಳು. ಪೆಟ್ಟಿಗೆಗೆ ಹಾಕಿಸ್ತೀನಿ."

"ಅಜ್ಜಿ, ಮರಿ ಏನಾಯ್ತು?" ಎಂದಳು ಎಟ್ಟಾ.

ಅಜ್ಜಿ ಬಾಯಿ ತೆರೆದಳು. ಆಮೇಲೆ ಮುಚ್ಚಿದಳು. "ಇದು ಯಾವ ತಿಂಗಳು?"

"ಜೂನ್."

"ಹಂಗಾದ್ರೆ ಹೇಳಲ್ಲ."

ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ನಮ್ಮಲ್ಲಿ ಕತೆಗಳನ್ನು ನೆಲದ ಮೇಲೆ ಹಿಮ ಇದ್ದಾಗ ಮಾತ್ರ ಹೇಳಬೇಕು. ಬೇಸಿಗೆಯಲ್ಲಿ ಹೇಳಿದರೆ ಬಾಲದಲ್ಲಿ ಗಿಲಿಗಿಲಿ ಸದ್ದು ಮಾಡುವ ಬುಡುಬುಡಿಕೆ ಹಾವುಗಳು ಕೇಳಲು ಬರುತ್ತವೆ, ಹೇಳಿದವರ ಮನೆಗಲ್ಲ, ಕೇಳಿದವರ ಮನೆಗೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಈ ಸಂಗತಿಗೂ ಆ ನಿಯಮ ಬೀಳುತ್ತದೆಂದು ಅಂದುಕೊಂಡಿರಲಿಲ್ಲ.

"ಅಜ್ಜಿ, ಇದು ನರಿರಾಯನ ಕತೆ ಅಲ್ಲ. ನಡೆದ ವಿಷಯ. ಚರಿತ್ರೆ. ಚರಿತ್ರೆ ಯಾವಾಗ ಬೇಕಾದ್ರೂ ಹೇಳಬಹುದು."

"ಮಧ್ಯದಲ್ಲಿ ನರಿರಾಯ ಬರ್ತಾನೆ."

"ಎಷ್ಟು ಹೊತ್ತು ಬರ್ತಾನೆ?"

"ಬಂದ ಅಂದ್ರೆ ಬಂದ. ಯಾರಾದ್ರೂ ಸ್ವಲ್ಪ ಬಸುರಿ ಅಂತ ಇರ್ತಾರೇನೇ?"

"ಅವನು ಬರೋ ಜಾಗ ಬಿಟ್ಟು ಹೇಳು."

"ಅದನ್ನ ಬಿಟ್ರೆ ಉಳಿಯೋದು ಈ ಕಾರ್ಡು," ಎಂದು ಅಜ್ಜಿ ಕಾರ್ಡನ್ನು ನನ್ನ ಮಡಿಲಿಗೆ ಹಾಕಿದಳು.

ಎಟ್ಟಾಳ ಕಣ್ಣು ತುಂಬಿಕೊಂಡಿತ್ತು. "ಬದುಕ್ತಾ, ಇಲ್ವಾ, ಅಷ್ಟು ಹೇಳಜ್ಜಿ. ಹಿಮ ಬೀಳೋವರೆಗೂ ನಾನು ಅದನ್ನೇ ಯೋಚಿಸ್ತಾ ಇರಬೇಕಾ?"

ಅಜ್ಜಿ ನದಿಯ ಕಡೆ ತಿರುಗಿದಳು. ತನ್ನೊಳಗೇ ಯಾರ ಜೊತೆಗೋ ವಾದ ಮಾಡುತ್ತಿದ್ದಂತಿತ್ತು. "ಬದುಕ್ತು," ಎಂದಳು ಕೊನೆಗೆ. "ಅದು ಸುದ್ದಿ. ಸುದ್ದಿ ಯಾವಾಗ ಬೇಕಾದ್ರೂ ಹೇಳಬಹುದು. ಹೆಂಗೆ ಬದುಕ್ತು ಅನ್ನೋದು ಕತೆ."

"ಅವನು ಯಾಕೆ ಎಸೆದ ಅನ್ನೋದು?" ಎಂದೆ ನಾನು.

"ಅದೂ ಕತೆ ಒಳಗೇ ಇದೆ."

ಹೊರಡುವಾಗ ತಿರುಗಿ ನೋಡಿದೆ. ಗೆಡ್ಡೆಯ ಬುಟ್ಟಿ ಹಾಗೇ ಇತ್ತು, ಅಜ್ಜಿ ಸುಲಿಯುತ್ತಿರಲಿಲ್ಲ. ಹೆತ್ತ ತಂದೆಯನ್ನು ಬೈದರೂ ನಕ್ಕು ಸುಮ್ಮನಾಗುವ ಹೆಂಗಸು ಅವಳು. ಈ ತಾತನ ಹೆಸರಿಗೆ ಮಾತ್ರ ನೊಂದುಕೊಂಡಿದ್ದಳು. ಅವನನ್ನು ಅಷ್ಟೂ ಮಕ್ಕಳ ಮುಂದೆ ಬಿಡಿಸಿಕೊಳ್ಳುವ ಮಾತು ಅವಳ ಬಾಯಲ್ಲೇ ಇತ್ತು, ಆಡುವಂತಿರಲಿಲ್ಲ. ನನಗೆ ಅವಳ ಮೇಲೆ ಸಿಟ್ಟೂ ಬಂತು, ಪಾಪ ಎಂದೂ ಅನಿಸಿತು.

ಮ್ಯೂಸಿಯಂನಿಂದ ಬಂದವರು ಗ್ರೆಚೆನ್ ಎಂಬಾಕೆ. ಹೇಳಿದ ಹೊತ್ತಿಗಿಂತ ತಡವಾಗಿ, ಕಾರಿಗೆಲ್ಲ ಕೆಸರು ಮೆತ್ತಿಕೊಂಡು ಬಂದರು. ಜಗಳಕ್ಕೆಂದು ನಾನು ಟೊಂಕ ಕಟ್ಟಿ ನಿಂತಿದ್ದೆ, ಆದರೆ ಆಕೆ ಜಗಳಕ್ಕೆ ಸಿಗುವ ಜಾತಿಯಲ್ಲ. ಅಜ್ಜಿಯ ಮನೆಯಲ್ಲಿ ಕೂತು ಗೆಡ್ಡೆಯ ರೊಟ್ಟಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದರು, ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿದರು. ಎಟ್ಟಾ ಅಜ್ಜಿಯ ಪಕ್ಕ ಕೂತಿದ್ದಳು. ಕರೆದವರು ಯಾರೂ ಇಲ್ಲ, ಮರಿಯ ವಿಷಯ ಎಲ್ಲಿದೆಯೋ ಅಲ್ಲಿ ಎಟ್ಟಾ.

"ಆ ಪದ ತೆಗೆದುಬಿಡ್ತೀನಿ," ಎಂದರು ಗ್ರೆಚೆನ್. "ಅಧಿಕಪ್ರಸಂಗಿ ಅಂತ ಇರೋದು ತಪ್ಪೇ."

"ಪದ ತೆಗೆದ್ರೆ ಸುಮ್ಸುಮ್ನೆ ನಾಯಿಮರಿ ಎಸೆಯೋ ಹುಚ್ಚ ಆಗ್ತಾನೆ," ಎಂದಳು ಅಜ್ಜಿ. "ಅದಕ್ಕಿಂತ ಅಧಿಕಪ್ರಸಂಗಿನೇ ವಾಸಿ."

"ಇಡೀ ಕಾರ್ಡನ್ನೇ ತೆಗೀಲಾ?"

"ಆಗ ಮರಿ?" ಎಂದಳು ಎಟ್ಟಾ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಇಲ್ಲಿ ಮಾತು ನಿಜವಾಗಿಯೂ ಹಾವಿನದೇ ಆಗಿತ್ತು. ನಾವು ಕಾಫಿ ಕುಡಿಯುತ್ತಾ ಕೂತೆವು. ಮಾತು ಬದಲಿಸಲಿಕ್ಕೋ ಏನೋ, ಗ್ರೆಚೆನ್ ತಡವಾಗಿದ್ದಕ್ಕೆ ಮತ್ತೊಮ್ಮೆ ಕ್ಷಮೆ ಕೇಳಿದರು. "ಮೇಲೆ ಲೋಲೋ ಕಣಿವೆ ದಾರೀಲಿ ಕಾರು ಜಾರಿಬಿಡ್ತು. ಈ ತಿಂಗಳಲ್ಲೂ ಅಲ್ಲಿ ಹಿಮ ಇರತ್ತೆ ಅಂತ ನಂಗೆ ಗೊತ್ತಿರಲಿಲ್ಲ."

ಅಜ್ಜಿ ಲೋಟ ಕೆಳಗಿಟ್ಟಳು. "ಎಷ್ಟಿದೆ?"

"ರಸ್ತೆ ಮೇಲೆ ಕರಗಿದೆ. ಮರಗಳ ಕೆಳಗೆ ಮೊಣಕಾಲವರೆಗೂ ಇತ್ತು."

ಅಜ್ಜಿ ಎದ್ದು ಒಳಗೆ ಹೋದಳು. ಬರುವಾಗ ಕಂಬಳಿ ಹೊದ್ದಿದ್ದಳು, ಕಾಲಿಗೆ ಚಳಿಗಾಲದ ಬೂಟು ಹಾಕಿದ್ದಳು. "ಏಳು ಲೆನೋರ್. ಗಾಡಿ ತೆಗಿ."

ನದಿಯ ಪಕ್ಕದಲ್ಲೇ ಮೇಲೇರುವ ದಾರಿ ಅದು. ಅಜ್ಜಿ ಮುಂದೆ ಕೂತಳು, ಗ್ರೆಚೆನ್ ಮತ್ತು ಎಟ್ಟಾ ಹಿಂದೆ. ಅರ್ಧ ದಾರಿಗೆ ನನಗೆ ಅನುಮಾನ ಶುರುವಾಯಿತು. ಬಿಸಿಲು ಚುರುಗುಡುತ್ತಿತ್ತು, ಕೆಳಗಿನ ಇಳಿಜಾರುಗಳಲ್ಲಿ ಹೂವು ಅರಳಿದ್ದವು. ನಾವು ಹೋಗುವಷ್ಟರಲ್ಲಿ ಅಲ್ಲಿ ಬರೀ ಕೆಸರಿದ್ದರೆ ಈ ಮುದುಕಿಯನ್ನು ಸಮಾಧಾನ ಮಾಡುವವರು ಯಾರು ಎಂದು ಯೋಚಿಸುತ್ತಾ ಗಾಡಿ ಓಡಿಸಿದೆ.

ಕೆಸರಿರಲಿಲ್ಲ. ಫರ್ ಮರಗಳ ನೆರಳಲ್ಲಿ ಹಿಮ ಕೊಳಕಾಗಿ, ತೂತುತೂತಾಗಿ, ಸೂಜಿಯೆಲೆಗಳನ್ನು ಮೈತುಂಬ ಮೆತ್ತಿಕೊಂಡು ಬಿದ್ದಿತ್ತು. ನೋಡಿದರೆ ಹಿಮ ಎನ್ನಲು ನಾಚಿಕೆಯಾಗಬೇಕು. ಅಜ್ಜಿ ಅದರ ಮೇಲೆ ಕಾಲಿಟ್ಟು ಒತ್ತಿ ನೋಡಿದಳು.

"ಇದು ಸಾಕಾ ಅಜ್ಜಿ?" ಎಂದೆ.

"ನೆಲದ ಮೇಲೆ ಹಿಮ ಇರಬೇಕು ಅಂತಿದೆ. ಇಷ್ಟೇ ಇರಬೇಕು ಅಂತ ಯಾರೂ ಹೇಳಿಲ್ಲ." ಆಮೇಲೆ ಗ್ರೆಚೆನ್ ಕಡೆ ತಿರುಗಿದಳು. "ನಿಮ್ಮ ಕ್ಯಾಪ್ಟನ್‌ಗಳನ್ನ ವಾಪಸ್ ಓಡಿಸಿದ್ದು ಇದೇ. ಇದೇ ಜೂನ್ ತಿಂಗಳಲ್ಲಿ."

"ಗೊತ್ತು," ಎಂದರು ಗ್ರೆಚೆನ್. "ಊರಿಗೆ ಹೋಗಬೇಕು ಅಂತ ಅವಸರ ಅವರಿಗೆ. ನಿಮ್ಮವರು ಬೇಡ ಅಂದ್ರೂ ಕೇಳದೆ ಹತ್ತಿದ್ರು. ಕುದುರೆಗಳಿಗೆ ಹುಲ್ಲು ಸಿಗದೆ ಹಿಂದೆ ಬಂದ್ರು."

"ನೋಡು, ಓದ್ಕೊಂಡಿದಾಳೆ," ಎಂದು ಅಜ್ಜಿ ನನಗೆ ಹೇಳಿದಳು, ಸಂತೋಷವಾಗಿಯೇ.

ಹಿಮದ ಮೇಲೆ ಕಂಬಳಿ ಹಾಸಿ ಅಜ್ಜಿಯನ್ನು ಕೂರಿಸಿದೆವು. ಗ್ರೆಚೆನ್ ಅವಳ ಮುಂದೆ ಧ್ವನಿಮುದ್ರಣದ ಪುಟ್ಟ ಯಂತ್ರ ಇಟ್ಟು, ಯಾರೂ ಶಬ್ದ ಮಾಡಬೇಡಿ ಎಂದು ಬಾಯಿಗೆ ಬೆರಳಿಟ್ಟು ತೋರಿಸಿದರು. ಎಟ್ಟಾ ಉಸಿರು ಬಿಗಿಹಿಡಿದು ಕೂತಳು. ಅಜ್ಜಿ ಎರಡು ವಾಕ್ಯ ಹೇಳಿ ನಿಲ್ಲಿಸಿದಳು. ನಾವು ಕಾದೆವು. ಅಜ್ಜಿಯೂ ಕಾದಳು.

"ಏನ್ರೇ, ಎಲ್ಲರೂ ಸತ್ತಿದೀರಾ?"

"ಇವರು ಸುಮ್ನಿರು ಅಂದ್ರು," ಎಂದಳು ಎಟ್ಟಾ.

"ಹೂಂ ಅನ್ನೋರಿಲ್ದೆ ಹೆಂಗೆ ಹೇಳೋದು? ಈ ಯಂತ್ರ ಹೂಂ ಅನ್ನತ್ತಾ?"

ಗ್ರೆಚೆನ್ ಯಂತ್ರದ ಕಡೆ ನೋಡಿದರು, ಎಟ್ಟಾ ಕಡೆ ನೋಡಿದರು, ಬೆರಳು ಕೆಳಗಿಳಿಸಿದರು. ಅಲ್ಲಿಂದ ಮುಂದೆ ಎಟ್ಟಾ ಪ್ರತಿ ವಾಕ್ಯಕ್ಕೂ ಹೂಂಗುಟ್ಟಿದಳು. ಸ್ವಲ್ಪ ಹೊತ್ತಿಗೆ ಗ್ರೆಚೆನ್ ಕೂಡ ತಮಗರಿವಿಲ್ಲದೆ ಹೂಂ ಎನ್ನತೊಡಗಿದರು.

ಅಜ್ಜಿ ಹೇಳಿದ್ದನ್ನು ನಾನು ಇಲ್ಲಿ ಬರೆಯುವಂತಿಲ್ಲ. ನೀವು ಇದನ್ನು ಯಾವ ಋತುವಿನಲ್ಲಿ, ಯಾವ ಸೆಕೆಯಲ್ಲಿ ಓದುತ್ತೀರೋ ನನಗೇನು ಗೊತ್ತು. ನಿಮ್ಮ ಮನೆಗೆ ಹಾವು ಬಂದರೆ ಆ ಪಾಪ ನನಗೆ ಬೇಡ. ಎರಡು ಕಡೆ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು ಎಂದು ಮಾತ್ರ ಹೇಳಬಲ್ಲೆ. ಅವನು ಮುಖ ಸಣ್ಣದು ಮಾಡಿಕೊಂಡು ಹೋಗುವ ಜಾಗ ಬಂದಾಗ ನನಗೆ ಅಳು ಬಂತು. ಅವಮಾನವಾಗಿ ಹೋದ ಎಂದೇ ನಾನು ಇಷ್ಟು ದಿನ ತಿಳಿದಿದ್ದೆ. ಅದಲ್ಲ.

ಇಳಿದು ಬರುವಾಗ ಗ್ರೆಚೆನ್ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಸೆಪ್ಟೆಂಬರಿಂದ ಪೆಟ್ಟಿಗೆಗಳು ಹೊರಡ್ತವೆ," ಎಂದರು. "ಮಕ್ಕಳು ಮೊದಲನೇ ದಿನಾನೇ ಇದನ್ನ ಕೇಳ್ತಾರೆ."

"ಸೆಪ್ಟೆಂಬರಲ್ಲಿ ಎಲ್ಲಿ ಹಿಮ?" ಎಂದಳು ಅಜ್ಜಿ.

ನನಗೂ ಆಗಲೇ ಹೊಳೆದದ್ದು. ಹೇಳುವುದಕ್ಕೆ ಹಿಮ ಹುಡುಕಿದ್ದೆವು, ಕೇಳುವವರ ಕಡೆ ಯಾರೂ ಯೋಚಿಸಿರಲಿಲ್ಲ.

"ಬೇರೆ ಪೊಟ್ಟಣದಲ್ಲಿ ಹಾಕಿ ಅಂಟಿಸು," ಎಂದಳು ಅಜ್ಜಿ. "ಹೊರಗೆ ಹಿಮ ಇದ್ರೆ ಮಾತ್ರ ತೆಗೀಬೇಕು ಅಂತ ಮೇಲೆ ಬರಿ."

"ಆದರೆ ಒಂದು ಶಾಲೇಲಿ ಪೆಟ್ಟಿಗೆ ಇರೋದು ಕೆಲವೇ ವಾರ. ಕೆಳಗಿನ ಕಣಿವೆ ಊರುಗಳಲ್ಲಿ ಹಿಮ ಬೀಳೋದೇ ಅಪರೂಪ. ಅಷ್ಟರಲ್ಲಿ ಬೀಳದೇ ಹೋದ್ರೆ?" ಎಂದರು ಗ್ರೆಚೆನ್.

"ಕಾಯಲಿ."

"ಮಕ್ಕಳು ಕಾಯಲ್ಲ ಅಜ್ಜಿ."

"ಅವರ ಹಿರಿಯರು ಕಾಯ್ಲಿಲ್ವಾ? ಹಿಮ ಯಾವಾಗ ಕರಗತ್ತೆ, ಹಿಮ ಯಾವಾಗ ಕರಗತ್ತೆ ಅಂತ ದಿನಾ ನಮ್ಮ ಪ್ರಾಣ ತಿಂದ್ರು. ಈಗ ಈ ಮಕ್ಕಳು ಯಾವಾಗ ಬೀಳತ್ತೆ ಅಂತ ಕಾಯಲಿ. ಅಲ್ಲಿಗೆ ಸರಿಹೋಗತ್ತೆ."

ಗ್ರೆಚೆನ್ ನಕ್ಕರು. ಆಮೇಲೆ ನಗು ನಿಲ್ಲಿಸಿ ಊರು ಬರುವವರೆಗೂ ಕಿಟಕಿಯಾಚೆ ನೋಡುತ್ತಾ ಕೂತರು. ಮ್ಯೂಸಿಯಂನಲ್ಲಿ ಆಕೆ ಯಾರ ಜೊತೆ ಏನೇನು ವಾದ ಮಾಡಿದರೋ ನನಗೆ ಗೊತ್ತಿಲ್ಲ. ಪೆಟ್ಟಿಗೆಗಳು ಹೊರಡುವ ಹೊತ್ತಿಗೆ ನಮ್ಮ ಖಾನೆಯಲ್ಲಿ ಅಂಟಿಸಿದ ಪೊಟ್ಟಣವಿತ್ತು. ಕಾರ್ಡಿನ ಮಾತು ಹಾಗೇ ಇತ್ತು, ನೆತ್ತಿಯ ಮೇಲೆ "ಇದು ಕ್ಯಾಪ್ಟನ್ ಬರೆದದ್ದು" ಎಂದು ಸೇರಿಸಿದ್ದರು. ಕೆಳಗಿನ ಪ್ರಶ್ನೆಯನ್ನು ಎಟ್ಟಾಳಿಂದಲೇ ಬರೆಸಿದ್ದರು: ಮರಿ ಬದುಕಿತು. ಅವನು ಅದನ್ನು ಯಾಕೆ ಎಸೆದ? ನಿಮಗೆ ಇನ್ನೂ ಗೊತ್ತಿಲ್ಲ. ಕಿಟಕಿಯಿಂದ ಹೊರಗೆ ನೋಡಿ.

ಅಧಿಕಪ್ರಸಂಗಿ ಎಂಬ ಪದವೂ ಉಳಿದಿತ್ತು. ಕ್ಯಾಪ್ಟನ್ ಬರೆದದ್ದನ್ನು ನಾವು ತಿದ್ದುವುದು ಬೇಡ ಎಂದು ಅಜ್ಜಿಯೇ ಹೇಳಿದ್ದಳು. ಹೇಳಿದಳು ನಿಜ, ಆದರೆ ಹಿಮ ಬೀಳುವವರೆಗೂ ಆ ಮಕ್ಕಳಿಗೆ ಆ ತಾತ ಅಧಿಕಪ್ರಸಂಗಿಯೇ ಎಂಬುದು ಅವಳನ್ನು ಕೊರೆಯುತ್ತಿತ್ತು. ಶರತ್ಕಾಲ ಪೂರ್ತಿ ಟೀವಿಯಲ್ಲಿ ಹವಾಮಾನ ಬಿಟ್ಟು ಬೇರೇನೂ ನೋಡಲಿಲ್ಲ. ಗುಡ್ಡದ ಮೇಲಿನ ಊರುಗಳಲ್ಲಿ ಹಿಮ ಬಿದ್ದಾಗ ನನಗೆ ಫೋನ್ ಮಾಡಿ, ಅಲ್ಲಿ ಶಾಲೆ ಇದೆಯಾ ಎಂದು ಕೇಳುತ್ತಿದ್ದಳು.

ಒಂದು ಊರು ಮಾತ್ರ ಅವಳ ನಿದ್ದೆ ಕೆಡಿಸಿತು. ನದಿ ಇಳಿದುಹೋಗುವ ಕಡೆ, ಸೇಬು ಮತ್ತು ಚೆರ್ರಿ ತೋಟಗಳ ಬೆಚ್ಚಗಿನ ಊರು. ಅಲ್ಲಿನ ಶಾಲೆಗೆ ಪೆಟ್ಟಿಗೆ ಮೊದಲ ಸುತ್ತಿನಲ್ಲೇ ಹೋಗಿತ್ತು. ನವೆಂಬರ್‌ನಲ್ಲಿ ಗ್ರೆಚೆನ್ ಫೋನ್ ಮಾಡಿದರು.

"ಅವರು ಪೆಟ್ಟಿಗೆ ವಾಪಸ್ ಕೊಡ್ತಿಲ್ಲ ಲೆನೋರ್. ಹಿಮ ಬೀಳೋವರೆಗೂ ಕೊಡಲ್ಲ ಅಂತಿದಾರೆ. ಮುಂದಿನ ಶಾಲೆಯವರು ನನ್ನ ತಲೆ ತಿಂತಿದಾರೆ. ಆ ಮೇಷ್ಟ್ರಿಗೆ ನಾನು ಒಂದೇ ಒಂದು ವಾರ ಜಾಸ್ತಿ ಕೊಟ್ಟಿದ್ದೆ, ಈಗ ಕೇಳಿದ್ರೆ ಮಕ್ಕಳು ಬಿಡ್ತಿಲ್ಲ ಅಂತಾರೆ. ಅಜ್ಜಿ ಹತ್ರ ಮಕ್ಕಳು ಮಾತಾಡಬೇಕಂತೆ."

ಅಜ್ಜಿಗೆ ಫೋನ್ ಎಂದರೆ ಆಗದು, ಮುಖ ಕಾಣದೆ ಏನು ಮಾತು ಎನ್ನುತ್ತಾಳೆ. ಆದರೆ ಈ ಸಲ ತಕ್ಷಣ ಒಪ್ಪಿದಳು. ಮಾರನೆಯ ದಿನ ನನ್ನ ಊಟದ ಬಿಡುವಿನಲ್ಲಿ ಅವಳ ಅಡುಗೆಮನೆಯ ಮೇಜಿನ ಮೇಲೆ ನನ್ನ ಫೋನಿಟ್ಟು, ಧ್ವನಿ ಜೋರು ಮಾಡಿದೆ. ಅತ್ತ ಕಡೆ ಕುರ್ಚಿಗಳನ್ನು ಎಳೆಯುವ ಶಬ್ದ, ಪಿಸುಮಾತು, ಮೇಷ್ಟ್ರು ಒಬ್ಬೊಬ್ಬರೇ ಎನ್ನುವುದು ಎಲ್ಲ ಕೇಳುತ್ತಿತ್ತು.

"ಅಜ್ಜಿ, ನಿಮ್ಮೂರಲ್ಲಿ ಹಿಮ ಬಿದ್ದಿದೆಯಾ?" ಎಂದಿತು ಒಂದು ಮಗು.

"ಸ್ವಲ್ಪ ಬಿದ್ದಿದೆ."

"ಹಾಗಾದ್ರೆ ನೀವು ಹೇಳಬಹುದಲ್ವಾ?"

"ಕೇಳೋರು ನೀವು. ನಿಮ್ಮೂರಲ್ಲಿ ಬಿದ್ದಿಲ್ಲವಲ್ಲ." ಅಜ್ಜಿ ನನ್ನ ಕಡೆ ನೋಡಿ ಹುಬ್ಬೇರಿಸಿದಳು, ಚುರುಕಾಗಿದಾರೆ ಎನ್ನುವಂತೆ.

"ನಾವು ಊಹೆ ಮಾಡಿ ಬೋರ್ಡ್ ಮೇಲೆ ಬರೆದಿದೀವಿ. ಹೌದಾ ಅಲ್ವಾ ಅಂತ ಹೇಳಿ, ಸಾಕು."

"ಹೌದು ಅಂದ್ರೆ ಅದೂ ಕತೆನೇ. ನೀವು ಹೇಳಿ, ನಾನು ಕೇಳ್ತೀನಿ."

ಅವರು ಹೇಳತೊಡಗಿದರು. ನಾಯಿ ತಿನ್ನುವುದನ್ನು ಕಂಡು ಅಸಹ್ಯವಾಗಿ ಎಸೆದ. ಮರಿಯನ್ನು ಮಾರಲಿಕ್ಕೆ ಬಂದಿದ್ದ, ಕೈ ಜಾರಿತು. ಅವನ ಸ್ವಂತ ನಾಯಿಯನ್ನು ಅವರು ತಿಂದಿದ್ದರು, ಸೇಡು ತೀರಿಸಿಕೊಂಡ. ಒಬ್ಬ, ಅವನು ಕೆಟ್ಟವನು ಅಷ್ಟೇ, ಕೆಟ್ಟವರು ಇರ್ತಾರಲ್ವಾ ಎಂದ. ಅಜ್ಜಿ ಎಲ್ಲಕ್ಕೂ ಹೂಂ ಎಂದಳು, ಕತೆ ಕೇಳುವವರ ಹೂಂ. ಅವಳ ಕೈ ಮಾತ್ರ ಮೇಜಿನ ಬಟ್ಟೆಯ ಅಂಚನ್ನು ಹಿಂಡುತ್ತಿತ್ತು. ಒಂದೇ ಮಾತು ಹೇಳಿದರೆ ಆ ತಾತ ಪಾರಾಗುತ್ತಿದ್ದ. ಹೇಳಲಿಲ್ಲ. ಆ ಹೊತ್ತಿನಲ್ಲಿ ಹಾವು ಬಂದರೆ ಬರಲಿ ಎಂದು ನಾನೇ ಕೂಗಿಬಿಡುವುದರಲ್ಲಿದ್ದೆ.

"ಡ್ವೇನ್ ಒಬ್ಬ ಉಳಿದಿದಾನೆ," ಎಂದರು ಮೇಷ್ಟ್ರು. "ಹೇಳೋ."

ಶೀತವಾದ ಗಂಟಲಿನ ಹುಡುಗ. "ನಮ್ಮ ಮಾವ ಇದಾರೆ, ಅಮ್ಮನ ತಮ್ಮ," ಎಂದ. "ಊಟಕ್ಕೆ ಬಂದಾಗೆಲ್ಲಾ ಅಪ್ಪನ ತಟ್ಟೆಗೆ ಏನಾದ್ರೂ ಎಸೀತಾರೆ. ಒಂದ್ಸಲ ಜೀವ ಇರೋ ಕಪ್ಪೆ ಎಸೆದಿದ್ರು. ಅಪ್ಪಂಗೆ ಸಿಟ್ಟು ಬಂದು ಅದನ್ನೇ ಹಿಡಿದು ಮಾವನ ಮುಖಕ್ಕೆ ಹೊಡೆದ್ರು. ಬೇರೆ ಯಾರಿಗೂ ಮಾವ ಹಂಗೆ ಮಾಡಲ್ಲ. ಅಪ್ಪಂಗೆ ಮಾತ್ರ, ಅಪ್ಪ ಭಾವ ಅಲ್ವಾ ಅದಕ್ಕೆ. ಆ ಮನುಷ್ಯ ಕ್ಯಾಪ್ಟನ್ನ ತನ್ನ ಭಾವ ಅಂದ್ಕೊಂಡಿದ್ನಾ ಅಂತ."

ತರಗತಿಯಲ್ಲಿ ಯಾರೋ ಕಿಸಕ್ಕೆಂದರು. ಅಜ್ಜಿ ಹೂಂ ಎನ್ನಲಿಲ್ಲ.

ನಮ್ಮಲ್ಲಿ ಭಾವ ಎಂದರೆ ಎಷ್ಟು ಬೇಕಾದರೂ ಕಾಡಬಹುದಾದ ಮನುಷ್ಯ. ಕಾಡದಿದ್ದರೆ ಅವನೇ ನೊಂದುಕೊಳ್ಳುತ್ತಾನೆ, ನನ್ನನ್ನು ಹೊರಗಿನವನೆಂದು ತಿಳಿದಿದ್ದಾರೆ ಎಂದು. ಮನೆಯ ಅಳಿಯನಲ್ಲದವನ ತಟ್ಟೆಗೆ ನಮ್ಮವರು ಏನನ್ನೂ ಎಸೆಯುವುದಿಲ್ಲ. ಇದು ಕತೆಯಲ್ಲ, ಪದ್ಧತಿ, ಯಾವ ಋತುವಿನಲ್ಲಾದರೂ ಬರೆಯಬಹುದು. ಆ ಕ್ಯಾಪ್ಟನ್ ಅವನಿಗೆ ಭಾವ ಹೇಗಾದ ಎಂಬುದು ಹಿಮ ಬಿದ್ದ ಮೇಲಿನ ಮಾತು.

ಅಜ್ಜಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಭುಜ ಕುಲುಕುತ್ತಿತ್ತು, ಬೆರಳ ಸಂದಿಯಿಂದ ನಗು ಸೋರುತ್ತಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು. ಇಷ್ಟು ವರ್ಷದಲ್ಲಿ ಅವಳನ್ನು ಇಷ್ಟು ಸಂತೋಷವಾಗಿ ನಾನು ನೋಡಿರಲಿಲ್ಲ.

"ಅಜ್ಜಿ? ಲೈನಲ್ಲಿದೀರಾ?"

ಅಜ್ಜಿ ಮುಖ ಒರೆಸಿಕೊಂಡಳು. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. "ಡ್ವೇನ್, ನಿಮ್ಮ ಮಾವನ್ನ ಯಾರಾದ್ರೂ ಅಧಿಕಪ್ರಸಂಗಿ ಅಂತಾರಾ?"

ಹುಡುಗ ಯೋಚಿಸಿದ. "ಅಪ್ಪ ಒಬ್ಬರೇ ಅನ್ನೋದು."

"ಅನ್ನಲಿ ಬಿಡು," ಎಂದಳು ಅಜ್ಜಿ. "ಅವನಿಗೆ ಹಕ್ಕಿದೆ."

ಆಮೇಲೆ ಅವರೆಲ್ಲ ಹವಾಮಾನದ ಮಾತಾಡಿದರು. ಆ ಊರಿನಲ್ಲಿ ಆ ವಾರವೂ ಹಿಮ ಬೀಳುವ ಸೂಚನೆ ಇರಲಿಲ್ಲ.